ಲೆಕ್ಕಕ್ಕೆ ಬಾರದ ಅರ್ಧ ತಾಸು

ಪ್ರಶ್ನೆ: ಡಾಕ್ಟರಬಾಯಿಯವರಿಗೆ ನಮಸ್ಕಾರ. ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ನನ್ನ ತಮ್ಮನಿಗೆ 22 ವರ್ಷ. ಪಿಎಸ್‌ಐ ಪರೀಕ್ಷೆಗೆ ಓದಲಿಕ್ಕೆಂದು ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದಿದ್ದಾನೆ. ವಾರವಿಡೀ ಮುಟ್ಟುವುದಿಲ್ಲ, ಶನಿವಾರ ರಾತ್ರಿ ಮಾತ್ರ ಗೆಳೆಯರ ಕೂಡ ಕುಡಿಯುತ್ತಾನೆ. ಹೋದ ತಿಂಗಳು ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಹಚ್ಚಿ ಅರ್ಧ ತಾಸು ಮಾತಾಡಿದ, ಅತ್ತ. ಮರುದಿನ ಕೇಳಿದರೆ "ನಾ ಫೋನ ಹಚ್ಚೇ ಇಲ್ಲಲ್ಲಕ್ಕಾ" ಎಂದ. ಸುಳ್ಳು ಹೇಳುವ ಹುಡುಗನಲ್ಲ. ಬೈದರೆ "ಅಪ್ಪ ಮೂವತ್ತು ವರ್ಷ ದಿನಾ ಕುಡದಾನ, ಏನಾಗೇತಿ? ನಂದು ವಾರಕ್ಕ ಎರಡ ನೈಂಟಿ" ಅನ್ನುತ್ತಾನೆ. ಚಿಕ್ಕಪ್ಪನ ಮಗಳು ಹುಬ್ಬಳ್ಳಿಯಲ್ಲಿ ನೌಕರಿಗಿದ್ದಾಳೆ. ಅವಳೂ ಪಾರ್ಟಿಗಳಲ್ಲಿ ಹುಡುಗರ ಸರಿಸಮ ಕುಡಿಯುತ್ತಾಳೆಂದು ತಿಳಿಯಿತು. ಹೆಣ್ಣುಮಕ್ಕಳಿಗೆ ಇದರ ಪರಿಣಾಮ ಬೇರೆಯೇ? ಅಪ್ಪನಿಗೆ ಈಗ 64. ದಿನಾ ಕುಡಿಯುವುದು ಬಿಟ್ಟಿದ್ದಾರೆ, ಮದುವೆ ಜಾತ್ರೆಗಳಲ್ಲಿ ಒಮ್ಮೆಲೇ ಹೆಚ್ಚಾಗುತ್ತದೆ. ತಿಂಗಳ ಹಿಂದೆ ಹಾಗೆ ಕುಡಿದು ಬಚ್ಚಲಲ್ಲಿ ಬಿದ್ದರು. ಗಾಯವೇನೂ ಇರಲಿಲ್ಲ. ಎಂಟು ದಿನದಿಂದ ಮಬ್ಬಾಗಿದ್ದಾರೆ. ಎಡಗಾಲು ಚಪ್ಪಲಿಯೊಳಗೆ ಹೋಗುವುದೇ ಇಲ್ಲ. ಕುಡಿಯದಿದ್ದರೂ ಕುಡಿದವರ ಹಾಗೆ ಕಾಣುತ್ತಾರೆ. ಏನು ಮಾಡಲಿ?

ಉತ್ತರ: ತಂಗಿ, ನೀನು ಕೊನೆಗೆ ಬರೆದದ್ದಕ್ಕೆ ಮೊದಲು ಉತ್ತರ. ಅಪ್ಪನನ್ನು ಇವತ್ತೇ ಕರೆದುಕೊಂಡು ಹೋಗಿ ತಲೆಯ ಸಿಟಿ ಸ್ಕ್ಯಾನ್ ಮಾಡಿಸು. ಪತ್ರ ಓದಿದ ಕೂಡಲೇ ಪತ್ರಿಕೆಯವರಿಂದ ಈ ಮಾತನ್ನು ನಿನಗೆ ಫೋನಿನಲ್ಲಿ ಮುಟ್ಟಿಸಿದ್ದೇನೆ. ಇಂಥದೇ ಸ್ಥಿತಿ ಬೇರೆ ಮನೆಗಳಲ್ಲೂ ಇರಬಹುದೆಂದು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ವಯಸ್ಸಾದಂತೆ ಎಲ್ಲರ ಮಿದುಳೂ ಸ್ವಲ್ಪ ಕುಗ್ಗುತ್ತದೆ. ವರ್ಷಗಟ್ಟಲೆ ಕುಡಿದವರದು ಇನ್ನಷ್ಟು ಕುಗ್ಗಿರುತ್ತದೆ. ಆಗ ಮಿದುಳಿಗೂ ಅದರ ಹೊದಿಕೆಗೂ ನಡುವಿನ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದ ದಾರದ ಹಾಗೆ ಬಿಗಿಯಾಗುತ್ತವೆ. ಸಣ್ಣದಾಗಿ ಬಿದ್ದರೂ ಒಂದು ಹರಿದು, ರಕ್ತ ಹನಿಹನಿಯಾಗಿ ವಾರಗಟ್ಟಲೆ ಸೇರುತ್ತ ಹೋಗಬಹುದು. ಹೊರಗೆ ಗಾಯ ಕಾಣುವುದಿಲ್ಲ. ಮಬ್ಬು, ತಲೆನೋವು, ಒಂದು ಕಡೆಯ ಕೈಕಾಲು ಸೋಲುವುದು ಆಮೇಲೆ ಬರುತ್ತದೆ. ಗದಗ ಕಡೆಯ ಹಿರಿಯರೊಬ್ಬರನ್ನು ಮನೆಯವರು "ಇನ್ನೂ ಇಳದಿಲ್ಲ" ಎಂದು ಹಾಸಿಗೆಯಲ್ಲೇ ಮಲಗಿಸಿಟ್ಟಿದ್ದರು. ನನ್ನ ಮುಂದೆ ಅಂಗಿಯ ಗುಂಡಿಗಾಗಿ ಅವರ ಬೆರಳು ಎಷ್ಟು ಹೊತ್ತು ತಡಕಾಡಿತೆಂದರೆ, ಸೊಸೆ ನೋಡಲಾರದೆ ತಾನೇ ಹಾಕಿಬಿಟ್ಟಳು. ರಕ್ತ ತೆಗೆದ ಮೇಲೆ ಅವರು ಚೇತರಿಸಿಕೊಂಡರು. ಆಸ್ಪತ್ರೆಯಲ್ಲಿ ಕುಡಿತದ ವಿಷಯ ಮುಚ್ಚಿಡಬೇಡ. ಕುಡಿಯುವವರಲ್ಲಿ ಬಿ1 ಜೀವಸತ್ವ ಕಡಿಮೆಯಿರುತ್ತದೆ. ಅಂಥವರಿಗೆ ಗ್ಲೂಕೋಸ್ ಸಲಾಯಿನ್ ಹಚ್ಚುವ ಮೊದಲು ಬಿ1 ಕೊಡಬೇಕು, ಇಲ್ಲದಿದ್ದರೆ ನೆನಪಿನ ಶಕ್ತಿಗೇ ಶಾಶ್ವತ ಪೆಟ್ಟು ಬೀಳಬಹುದು. ರಕ್ತ ತೆಳುಮಾಡುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳು. "ಅಪ್ಪಗ ಏನಾಗೇತಿ" ಎಂದು ಕೇಳುವ ನಿನ್ನ ತಮ್ಮ ಸ್ಕ್ಯಾನಿಗೆ ಜೊತೆಯಲ್ಲಿ ಬರಲಿ.

ಇನ್ನು ಅವನ ಎರಡು ನೈಂಟಿ. ತೊಂಬತ್ತು ಮತ್ತು ತೊಂಬತ್ತು ನೂರಾ ಎಂಬತ್ತು ಮಿಲಿಲೀಟರ್, ಅಂದರೆ ಒಂದು ಕ್ವಾರ್ಟರ್. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮಿನಲ್ಲಿ ಶೇ. 42.8ರಷ್ಟು ಮದ್ಯಸಾರ ಇರುತ್ತದೆ. ಆ ಲೆಕ್ಕದಲ್ಲಿ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಅಪ್ಪಟ ಮದ್ಯಸಾರ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಹೆಚ್ಚು ಕುಡಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಿತಿಮೀರಿದ ಕುಡಿತವೆಂದೇ ಎಣಿಸುತ್ತದೆ. ಯಕೃತ್ತು ತಾಸಿಗೆ ಅಂದಾಜು 7ರಿಂದ 10 ಗ್ರಾಂ ಅಷ್ಟೇ ಕರಗಿಸಬಲ್ಲದು. ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರು ಯಾವುದೂ ಆ ವೇಗ ಹೆಚ್ಚಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮುಗಿಸಿದವನ ರಕ್ತದಲ್ಲಿ ಭಾನುವಾರ ನಸುಕಿನಲ್ಲೂ ಅದು ಉಳಿದಿರುತ್ತದೆ. ಅವನು ವಾರದ ಲೆಕ್ಕ ಹೇಳುತ್ತಾನೆ. ಮಿದುಳಿಗೆ ವಾರ ಗೊತ್ತಿಲ್ಲ, ಕುಡಿಯುತ್ತ ಕೂತ ಎರಡು ತಾಸಿನಲ್ಲಿ ರಕ್ತಕ್ಕೆ ಎಷ್ಟು ಏರಿತೆಂಬುದಷ್ಟೇ ಗೊತ್ತು.

ಅವನು ಮರೆತ ಆ ಅರ್ಧ ತಾಸು ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದಿದೆ. ಬ್ಯಾಡಗಿಯವಳಾದ ನಿನಗೆ ಹೀಗೆ ಹೇಳಿದರೆ ತಿಳಿದೀತು. ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಬಂದವು, ತೂಕವಾಯಿತು, ವ್ಯಾಪಾರವೂ ಆಯಿತು, ಆದರೆ ದಲಾಲಿ ಅಂಗಡಿಯ ಗುಮಾಸ್ತ ಖಾತೆಯಲ್ಲಿ ಒಂದು ಸಾಲೂ ಬರೆಯಲಿಲ್ಲ. ಮಿದುಳಿನಲ್ಲಿ ಆ ಗುಮಾಸ್ತನ ಕೆಲಸ ಹಿಪ್ಪೊಕ್ಯಾಂಪಸ್ ಎಂಬ ಭಾಗದ್ದು. ರಕ್ತದಲ್ಲಿ ಮದ್ಯಸಾರ ಗಕ್ಕನೆ ಏರಿದಾಗ, ಅದರಲ್ಲೂ ಖಾಲಿ ಹೊಟ್ಟೆಯಲ್ಲಿ ಗಟಗಟ ಕುಡಿದಾಗ, ಅದು ಬರೆಯುವುದನ್ನು ನಿಲ್ಲಿಸಿಬಿಡುತ್ತದೆ. ಮನುಷ್ಯ ಮಾತಾಡುತ್ತಾನೆ, ಅಳುತ್ತಾನೆ, ಗಾಡಿ ಕೂಡ ಹೊಡೆಯುತ್ತಾನೆ. ಬರೆಯದೇ ಇದ್ದದ್ದನ್ನು ಆಮೇಲೆ ಹುಡುಕಿದರೆ ಎಲ್ಲಿ ಸಿಗಬೇಕು? ನಿನ್ನ ತಮ್ಮ ಸುಳ್ಳು ಹೇಳಿಲ್ಲ.

ಹೋದ ವರ್ಷ ನವಲಗುಂದ ಕಡೆಯ ಹುಡುಗನೊಬ್ಬ ಗೆಳೆಯ ತೆಗೆದ ವಿಡಿಯೋ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದ. ಕೆಲಗೇರಿ ಕೆರೆಯ ದಂಡೆ, ಬೈಕಿನ ಬೆಳಕು. ಅವನು ನೀರಿನ ಅಂಚಿಗೆ ನಿಂತು ಜೋರಾಗಿ ಹಾಡುತ್ತಿದ್ದಾನೆ, ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ನನ್ನ ಟೇಬಲ್ಲಿನ ಆಚೆ ಕೂತು ಅದನ್ನು ಮೂರು ಸಲ ನೋಡಿದ. ಬೆರಳಿನಿಂದ ಪರದೆ ದೊಡ್ಡದು ಮಾಡಿ, "ಅಂಗಿ ನಂದ ಐತ್ರಿ" ಎಂದ. ಮತ್ತೇನೂ ಹೇಳಲಿಲ್ಲ. ಇನ್ನು ಎರಡು ಹೆಜ್ಜೆ ಮುಂದೆ ಹೋಗಿದ್ದರೆ ಏನಾಗುತ್ತಿತ್ತೆಂದು ಅವನಿಗೆ ನಾನು ಹೇಳಬೇಕಾಗಿರಲಿಲ್ಲ.

ಈ ವಯಸ್ಸಿನ ಹುಡುಗರು "ನನಗ ಏರೂದಿಲ್ಲ" ಎಂದು ಜಂಬ ಕೊಚ್ಚುತ್ತಾರೆ. ಎಳೆಯ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡದ್ದು ಇದೇ: ದೊಡ್ಡ ಇಲಿಗಳಿಗಿಂತ ಅವು ತೂಕಡಿಸುವುದು, ತಡವರಿಸುವುದು ಕಡಿಮೆ, ಕಲಿಕೆ ಮತ್ತು ನೆನಪು ಮಾತ್ರ ಬೇಗ ಕೆಡುತ್ತದೆ. ನಿಲ್ಲಿಸು ಎಂದು ಹೇಳಬೇಕಾದ ನಿದ್ದೆ ಬರುವುದೇ ತಡ, ಅಷ್ಟರಲ್ಲಿ ಇನ್ನೊಂದು ಗ್ಲಾಸು ಹೊಟ್ಟೆ ಸೇರಿರುತ್ತದೆ. ಮುಂದಾಲೋಚನೆಯ ಭಾಗ, ಅಂದರೆ ಹಣೆಯ ಹಿಂದಿನ ಮಿದುಳು, ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸು. ಅಮೆರಿಕದಲ್ಲಿ ಹದಿಹರೆಯದವರನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡುತ್ತ ಬಂದಾಗ, ವಿಪರೀತ ಕುಡಿಯುವವರಲ್ಲಿ ನರಕೋಶಗಳಿರುವ ಮಿದುಳಿನ ಬೂದು ಭಾಗ ಬೇಗ ಕುಗ್ಗಿದ್ದೂ ಅವುಗಳನ್ನು ಜೋಡಿಸುವ ಎಳೆಗಳ ಬಿಳಿಯ ಭಾಗ ನಿಧಾನ ಬೆಳೆದದ್ದೂ ಕಂಡಿದೆ. ಪರೀಕ್ಷೆಗೆ ಓದುವವನಿಗೆ ಇನ್ನೊಂದು ಮಾತು. ಹಗಲು ಓದಿದ್ದು ಗಟ್ಟಿಯಾಗುವುದು ರಾತ್ರಿಯ ನಿದ್ದೆಯಲ್ಲಿ. ಕುಡಿದು ಮಲಗಿದರೆ ಮೊದಲರ್ಧ ರಾತ್ರಿ ಕನಸಿನ ನಿದ್ದೆ ಕಡಿಮೆಯಾಗುತ್ತದೆ, ಉಳಿದರ್ಧದಲ್ಲಿ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಶನಿವಾರ ಓದಿದ ಸಂವಿಧಾನದ ಪುಟಗಳು ಶನಿವಾರವೇ ನಷ್ಟ. ಭಾನುವಾರ ಎದೆ ಡವಡವ, ಕಾರಣವಿಲ್ಲದ ಹೆದರಿಕೆ. ರಾತ್ರಿ ಮದ್ಯ ಒತ್ತಿ ಹಿಡಿದಿದ್ದ ನರಗಳು ಅದು ಇಳಿದ ಮೇಲೆ ಪುಟಿದೇಳುವುದರ ಪರಿಣಾಮ ಅದು.

ಚಿಕ್ಕಪ್ಪನ ಮಗಳ ವಿಷಯದಲ್ಲಿ ನಿನ್ನ ಪ್ರಶ್ನೆಗೆ ಉತ್ತರ ಹೌದು, ಬೇರೆಯೇ. ಮದ್ಯಸಾರ ಹರಡುವುದು ಮೈಯ ನೀರಿನಲ್ಲಿ, ಹೆಂಗಸರ ಮೈಯಲ್ಲಿ ನೀರಿನ ಪಾಲು ಕಡಿಮೆ. ಸಮ ತೂಕದ ಹುಡುಗನ ಸಮ ಕುಡಿದರೂ ಅವಳ ರಕ್ತದಲ್ಲಿ ಹೆಚ್ಚು ಏರುತ್ತದೆ, ನೆನಪು ಹೋಗುವುದೂ ಕಡಿಮೆ ಪ್ರಮಾಣಕ್ಕೇ. ಅಮೆರಿಕದ ಲೆಕ್ಕದಲ್ಲಿ ಎರಡು ತಾಸಿಗೆ ಗಂಡಸಿಗೆ ಐದು ಪೆಗ್ಗು ಅತಿಯಾದರೆ ಹೆಂಗಸಿಗೆ ನಾಲ್ಕೇ ಅತಿ, ಅಲ್ಲಿನ ಪೆಗ್ಗು 14 ಗ್ರಾಂ. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6 ಕುಡಿಯುವವರೆಂದು ಬಂದಿದೆ. ಸಂಖ್ಯೆ ಕಡಿಮೆಯೆಂದೇ ಅವರು ಯಾರ ಮುಂದೆಯೂ ಬಾಯಿಬಿಡುವುದಿಲ್ಲ. ನನ್ನಲ್ಲಿಗೆ ತಲೆನೋವೆಂದು ಬಂದು, ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ನಿಜ ಹೇಳಿದವರಿದ್ದಾರೆ. ದಯವಿಟ್ಟು ಅವಳ ಸುದ್ದಿಯನ್ನು ಓಣಿಯಲ್ಲಿ ಹರಡಬೇಡ. ತಮ್ಮನಿಗೆ ತೋರುವ ಮಮತೆಯನ್ನೇ ಅವಳಿಗೂ ತೋರು.

ತಮ್ಮನ ಗೆಳೆಯರಿಗೆ ಇದನ್ನು ಓದಿಸು: ಕುಡಿದವನು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ "ಮಲಗಲಿ ಬಿಡು" ಎನ್ನಬಾರದು. ಅಂಗಾತ ಮಲಗಿಸದೆ ಮಗ್ಗುಲಾಗಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಬರುವ ತನಕ ಪಕ್ಕದಲ್ಲೇ ಕೂಡಬೇಕು. ವಾಂತಿ ಉಸಿರಿನ ನಾಳಕ್ಕೆ ಹೋಗಿಯೇ ಎಷ್ಟೋ ಜನ ಸಾಯುತ್ತಾರೆ.

ವಾರಕ್ಕೊಮ್ಮೆ ಕುಡಿಯುವ ಅವನು ಈ ಶನಿವಾರವೇ ನಿಲ್ಲಿಸಬಹುದು. ದಿನಾ ಕುಡಿಯುವವರು ಮಾತ್ರ ಡಾಕ್ಟರರನ್ನು ಕೇಳದೆ ಒಮ್ಮೆಲೇ ಬಿಡಬಾರದು, ಮೂರ್ಛೆ ಬರುವ ಅಪಾಯವಿದೆ. ಬಿಟ್ಟ ಮೇಲೆ ವಾರ, ತಿಂಗಳುಗಳಲ್ಲಿ ಮಿದುಳು ಕಳೆದುಕೊಂಡದ್ದರಲ್ಲಿ ಒಂದು ಪಾಲನ್ನು ಮರಳಿ ಪಡೆಯುತ್ತದೆ. ಅವನಿರುವ ಊರಲ್ಲೇ ಮಾನಸಿಕ ಆರೋಗ್ಯದ ಸರಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಅಲ್ಲಿಗೆ ಹೋಗಲು ನಾಚಿಕೆಯಾದರೆ 14416, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು. ಆ ರಾತ್ರಿ ಅವನು ಅತ್ತದ್ದು ಯಾಕೆಂದು ನೀನು ಬರೆದಿಲ್ಲ. ಅವನು ಏನು ಹೇಳಿದನೆಂಬುದು ಅವನಿಗೇ ಗೊತ್ತಿಲ್ಲ, ನಿನಗೆ ಮಾತ್ರ ಗೊತ್ತು. ಅಪ್ಪನ ಸ್ಕ್ಯಾನಿಗೆಂದು ಅವನು ಬಂದಾಗ, ಆಸ್ಪತ್ರೆಯ ಹೊರಗೆ ಚಾ ಕುಡಿಯುತ್ತ ಆ ಅರ್ಧ ತಾಸಿನ ಮಾತನ್ನು ಬೈಯದೆ ಅವನಿಗೆ ಹೇಳು. ಅವನೇನಂದ ಎಂದು ನನಗೆ ಬರೆ.