ಮೇಣದಬತ್ತಿಗೆ ಅಂಟಿಸಿದ ಹೂ ಎದ್ದು ಬರುತ್ತಿದ್ದರೆ
ಗೋಂದು ಹಚ್ಚಿ ಅಂಟಿಸಿದ ಹೂ ಎರಡೇ ದಿನಕ್ಕೆ ಎದ್ದು ಬಂತು, ಕಂದು ಬಣ್ಣಕ್ಕೂ ತಿರುಗಿತು ಅಂದಿದ್ದೀರಿ. ಹೂವಿನಲ್ಲಿ ಹಸಿ ಉಳಿದಿರಬೇಕು. ದಪ್ಪ ಪುಸ್ತಕದೊಳಗೆ, ಹಳೇ ಪೇಪರ್ ನಡುವೆ 2 ವಾರ ಬಿಡಿ. ಕಾಸ್ಮಾಸ್ ಹೂ, ಜರಿಗಿಡದ ಎಲೆ ಚೆನ್ನಾಗಿ ಒಣಗುತ್ತವೆ. ಸೇವಂತಿಗೆ ದಪ್ಪ, ಅದರ ಎಸಳು ಮಾತ್ರ ಸಾಕು.

ಗೋಂದು ಬೇಡವೇ ಬೇಡ. ಸ್ಟೀಲ್ ಚಮಚವನ್ನು ಬಿಸಿನೀರಲ್ಲಿ ಅದ್ದಿ, ಚೆನ್ನಾಗಿ ಒರೆಸಿ, ಅದರ ಬೆನ್ನಿನಿಂದ ಹೂವನ್ನು ಮೆಲ್ಲಗೆ ಒತ್ತಿ. ಕೆಳಗಿನ ಮೇಣ ಕರಗಿ ಹೂವನ್ನು ಹಿಡಿದುಕೊಳ್ಳುತ್ತದೆ. ಎಸಳಿನ ಅಂಚು ಮರೀಬೇಡಿ, ಏಳುವುದು ಅಲ್ಲಿಂದಲೇ. ಆಮೇಲೆ ಕರಗಿದ ಬಿಳಿ ಮೇಣವನ್ನು ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಿ. ಮೇಣವನ್ನು ನೇರ ಉರಿಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ.

ಒಣಹೂವಿಗೆ ಬೆಂಕಿ ಬೇಗ ಹತ್ತುತ್ತದೆ, ಅಲ್ವಾ? ಹಾಗಾಗಿ 3 ಇಂಚು ದಪ್ಪದ ಮೇಣದಬತ್ತಿಯನ್ನೇ ತನ್ನಿ. ಹೂ ಬುಡದ ಕಡೆ ಇರಲಿ. ಜ್ವಾಲೆ ಅದರ ಹತ್ತಿರ ಬಂದ ಕೂಡಲೇ ಆರಿಸಿಬಿಡಿ.