ಮಡಿಕೇರಿಯಲ್ಲಿ ಸೈಕಲ್‌ಗೆ ಮೊಳೆ ಟೈರ್ ಬೇಕೇ?

ಮಡಿಕೇರಿಗೆ ವರ್ಗವಾಗಿದೆ, ಕಚೇರಿಗೆ ಸೈಕಲ್‌ನಲ್ಲೇ ಹೋಗುವ ಆಸೆ, ಹಿಮ ಬೀಳುವ ದೇಶಗಳವರಂತೆ ಮೊಳೆ ಟೈರ್ ತರಿಸಬೇಕೇ ಎಂದು ಕೇಳಿದ್ದೀರಿ. ಬೇಡವೇ ಬೇಡ. ಫಿನ್ಲೆಂಡಿನ ಔಲು ನಗರದಲ್ಲಿ ಚಳಿಗಾಲವಿಡೀ ಜನ ಸೈಕಲ್ ತುಳಿಯುತ್ತಾರೆ; ಅಂಥ ಕಡೆ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯಲು ಉಕ್ಕಿನ ಮೊಳೆಗಳು ಬೇಕು. ನಮ್ಮಲ್ಲಿ ಜನವರಿಯ ಬೆಳಗಿನಲ್ಲೂ ರಸ್ತೆಯ ನೀರು ಹೆಪ್ಪುಗಟ್ಟುವುದಿಲ್ಲ. ಒದ್ದೆ ಡಾಂಬರಿನ ಮೇಲೆ ಉಕ್ಕಿಗಿಂತ ಒಳ್ಳೆಯ ರಬ್ಬರೇ ಚೆನ್ನಾಗಿ ಹಿಡಿಯುತ್ತದೆ.

ಇಲ್ಲಿ ಬೀಳಿಸುವುದು ಪಾಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬಿಸಿಲು ಕಾಣದ ಕಾಂಕ್ರೀಟ್ ಇಳಿಜಾರುಗಳಲ್ಲಿ, ಮರದಡಿಯ ರಸ್ತೆಯಂಚಿನಲ್ಲಿ ಹಸಿರು ಪದರ ಕಟ್ಟುತ್ತದೆ. ಆದ್ದರಿಂದ ಹಿಂದೆ ವಾಹನವಿಲ್ಲದಾಗ ಅಂಚು ಬಿಟ್ಟು, ಚಕ್ರಗಳು ಓಡಾಡಿ ತಿಕ್ಕಿದ ಜಾಡಿನಲ್ಲೇ ಹೋಗಿ. ಚಳಿಗಾಲದ್ದು ಬೇರೆಯೇ ಕಥೆ. ರಾತ್ರಿಯ ಮಂಜು ಸಿಲ್ವರ್ ಓಕ್ ಎಲೆಗಳಿಂದ ತೊಟ್ಟಿಕ್ಕಿ, ಮರದ ಕೆಳಗಷ್ಟೇ ರಸ್ತೆ ತೇವವಾಗಿರುತ್ತದೆ. ಹಿಂದೆ ಮುಂದೆ ಎಲ್ಲ ಒಣ. ಒಣ ರಸ್ತೆ ನಂಬಿ ಬಂದವರಿಗೆ ತಿರುವಿನ ನಡುವೆ ಉದುರಿದ ಎಲೆಗಳ ಒದ್ದೆ ತುಂಡು ಎದುರಾಗುತ್ತದೆ. ಅಲ್ಲಿ ಬ್ರೇಕ್ ಹಿಡಿದರೆ ಚಕ್ರ ಜಾರಿತೆಂದೇ ತಿಳಿಯಿರಿ. ವೇಗವನ್ನು ತಿರುವಿಗೆ ಮೊದಲೇ ಇಳಿಸಿಕೊಂಡಿರಬೇಕು.

ದುಡ್ಡು ಹಾಕುವುದಾದರೆ ಬ್ರೇಕಿಗೆ ಹಾಕಿ. ಬೆಟ್ಟದ ಮೇಲಿನ ಊರಿದು, ಯಾವ ಕಡೆ ಹೊರಟರೂ ಇಳಿಜಾರು ತಪ್ಪದು. ರಿಮ್ಮನ್ನು ಒತ್ತುವ ರಬ್ಬರ್ ಬ್ರೇಕು ಮಳೆಯಲ್ಲಿ ಮೊದಲು ನೀರು ಒರೆಸುತ್ತದೆ, ಆಮೇಲಷ್ಟೇ ಹಿಡಿಯುತ್ತದೆ. ಆ ಅರೆಗಳಿಗೆಯಲ್ಲಿ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಎಂಬುದನ್ನು ಖಾಲಿ ರಸ್ತೆಯಲ್ಲಿ ನೀವೇ ನೋಡಿ ತಿಳಿದುಕೊಳ್ಳಿ. ಕೆಂಪುಮಣ್ಣಿನ ಮರಳು ಸಿಕ್ಕಿಕೊಂಡು ಕರಕರ ಸದ್ದು ಬಂದರೆ ಅದು ರಿಮ್ಮನ್ನೇ ತಿನ್ನುತ್ತಿದೆ ಎಂದರ್ಥ. ಮನೆಗೆ ಬಂದೊಡನೆ ತೊಳೆದು, ಚೈನಿಗೆ ಎಣ್ಣೆ ಬಿಡಿ. ಸಾಧ್ಯವಿದ್ದರೆ ಡಿಸ್ಕ್ ಬ್ರೇಕಿನ ಸೈಕಲನ್ನೇ ಕೊಳ್ಳಿ. ಮಡ್‌ಗಾರ್ಡ್ ಬೇಕೇ ಬೇಕು.

ಮಂಜು ಕವಿದಾಗ ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ. ರೆಡ್ ಅಲರ್ಟ್ ಇರುವ ದಿನ ಸೈಕಲ್ ಹೊರತೆಗೆಯಲೇಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ನೋಡಿದ ಮೇಲೆ ಈ ವಿಷಯದಲ್ಲಿ ನಾನು ಯಾರ ಧೈರ್ಯವನ್ನೂ ಮೆಚ್ಚುವುದಿಲ್ಲ.

ಇನ್ನೊಂದು ಮಾತು. ಕೆಲಸದ ಮೇಲೆ ಸಿದ್ದಾಪುರದ ಕಡೆಯ ತೋಟದ ರಸ್ತೆಗಳಲ್ಲಿ ಓಡಾಡುವುದಿದ್ದರೆ ಪೂರ್ತಿ ಬೆಳಕಾಗುವ ಮುನ್ನ ಹೊರಡಬೇಡಿ. ಸೈಕಲ್ ಸದ್ದು ಮಾಡುವುದಿಲ್ಲ, ತೀರ ಹತ್ತಿರ ಬರುವವರೆಗೆ ಆನೆಗೂ ನಿಮ್ಮ ಸುಳಿವು ಸಿಗುವುದಿಲ್ಲ. ರಸ್ತೆಯಲ್ಲಿ ಹಸಿ ಲದ್ದಿ ಕಂಡರೆ ಹಿಂದಿರುಗಿ, ತಡವಾಗುತ್ತದೆ ಎಂದು ಕಚೇರಿಗೆ ಫೋನ್ ಮಾಡಿ.