‘ನನ್ನ ಮಟ್ಟಿಗೆ’ ಕಂಟೇನರ್ ಬಂದಿದೆ!

ಪ್ರಶ್ನೆ: ಬೈಕಂಪಾಡಿಯ ಗೇರುಬೀಜ ಕಂಪೆನಿಯೊಂದರಲ್ಲಿ ಕೆಲಸಕ್ಕಿದ್ದೇನೆ. ‘ಆ್ಯಸ್ ಫಾರ್ ಆ್ಯಸ್ ಐ ಆ್ಯಮ್ ಕನ್ಸರ್ನ್ಡ್, ದ ಕಂಟೇನರ್ ಹ್ಯಾಸ್ ರೀಚ್ಡ್ ದ ಪೋರ್ಟ್’ ಎಂದು ಗಿರಾಕಿಗೆ ಮೇಲ್ ಹಾಕಿದ್ದಕ್ಕೆ ಮ್ಯಾನೇಜರ್ ಬೈದರು. ‘ನನಗೆ ಗೊತ್ತಿದ್ದ ಮಟ್ಟಿಗೆ’ ಅನ್ನುವುದು ತಪ್ಪಾ ಸರ್?
— ಓದುಗ, ಸುರತ್ಕಲ್

ಉತ್ತರ: ಹೇಳಹೊರಟದ್ದು ಸರಿಯೇ ಉಂಟು, ಹೇಳಿದ್ದು ಬೇರೆ. ನಿಮ್ಮನ್ನು ಎಡವಿಸಿದ್ದು ನಮ್ಮ ‘ಮಟ್ಟಿಗೆ’. ‘ನನಗೆ ಗೊತ್ತಿದ್ದ ಮಟ್ಟಿಗೆ’ ಅಂದರೆ ತಿಳಿವಳಿಕೆಗೆ ಹಾಕಿದ ಬೇಲಿ. ಅದು ‘ಆ್ಯಸ್ ಫಾರ್ ಆ್ಯಸ್ ಐ ನೋ’. ಬರೀ ‘ನನ್ನ ಮಟ್ಟಿಗೆ’ ಅಂದರೆ ಅಭಿಪ್ರಾಯ. ನನ್ನ ಮಟ್ಟಿಗೆ ಬಂಗುಡೆಯೇ ಮೀನು, ಅಂಜಲ್‌ಗೆ ಸುಮ್ಮನೆ ದುಡ್ಡು ದಂಡ. ಇಲ್ಲಿ ‘ಕನ್ಸರ್ನ್ಡ್’ ಚೆನ್ನಾಗಿ ಕೂರುತ್ತದೆ. ಪಣಂಬೂರಿಗೆ ಕಂಟೇನರ್ ಬಂದದ್ದು ನಿಮ್ಮ ಅಭಿಪ್ರಾಯವಲ್ಲವಲ್ಲ ಮಾರಾಯರೇ! ಗಿರಾಕಿ ಅದನ್ನು ಓದಿಕೊಂಡದ್ದು ಹೀಗೆ: ನನ್ನ ಕೆಲಸ ಮುಗಿಯಿತು, ಇನ್ನು ನೀವುಂಟು, ನಿಮ್ಮ ಕಂಟೇನರ್ ಉಂಟು.

‘ಆ್ಯಸ್ ಫಾರ್ ಆ್ಯಸ್’ ಮೂಲತಃ ದಾರಿಯ ಲೆಕ್ಕ. ‘ಆ್ಯಸ್ ಫಾರ್ ಆ್ಯಸ್ ಕುಂದಾಪುರ’ ಅಂದರೆ ಬಸ್ಸು ಅಲ್ಲಿಯವರೆಗೆ, ಬೈಂದೂರಿನವರು ಇಳಿದು ಬೇರೆ ಬಸ್ಸು ಹಿಡಿಯಬೇಕು. ತುಳುವಿನ ‘ಮುಟ್ಟ’ ಮಾಡುವ ಕೆಲಸವೂ ಅದೇ.

ಈ ಬೇಲಿಯ ಬೆಲೆ ನನಗೆ ಗೊತ್ತಾದದ್ದು ಉಡುಪಿಯಲ್ಲಿ, ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಾಗ. 1908ರ ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 6, ರೂಲ್ 15ರ ಪ್ರಕಾರ, ದಾವೆಯ ಕೊನೆಯಲ್ಲಿ ಯಾವ ಪ್ಯಾರಾ ಸ್ವಂತ ತಿಳಿವಳಿಕೆಯದ್ದು, ಯಾವುದು ಬೇರೆಯವರಿಂದ ಕೇಳಿ ನಿಜವೆಂದು ನಂಬಿದ್ದು ಎಂದು ನಂಬರು ಹಾಕಿ ಬೇರೆಬೇರೆ ಹೇಳಬೇಕು. ಒಮ್ಮೆ ನಾನು ಸೋಮಾರಿತನದಲ್ಲಿ ಎಲ್ಲವನ್ನೂ ‘ಸ್ವಂತ ತಿಳಿವಳಿಕೆ’ಗೆ ತುಂಬಿಸಿದೆ. ಅದರಲ್ಲೊಂದು, ಗಡಿಯ ತೆಂಗಿನ ಮರ ನೆಟ್ಟದ್ದು ಕಕ್ಷಿದಾರರ ಅಜ್ಜ ಎಂಬ ಪ್ಯಾರಾ. ಓದಿದ ವಕೀಲರು ಕನ್ನಡಕ ಕೆಳಗಿಳಿಸಿ ಕೇಳಿದರು: ‘ಮರ ನೆಡುವಾಗ ಇವರು ಹುಟ್ಟಿದ್ದರೋ?’ ಹುಟ್ಟಿರಲಿಲ್ಲ. ಕಾರ್ಬನ್ ಇಟ್ಟು ಮೂರು ಪ್ರತಿ, ಮತ್ತೆ ಮೊದಲಿನಿಂದ.

ಹಾಗೆಂದು ‘ಕನ್ಸರ್ನ್ಡ್’ ಅನ್ನು ಪೂರಾ ಬಿಡಬೇಡಿ. ‘ಐ’ ಜಾಗದಲ್ಲಿ ವಿಷಯ ಬಂದರೆ ಅದು ಬಹಳ ಉಪಕಾರಿ. ಜೂನ್–ಜುಲೈಯಲ್ಲಿ ಮಲ್ಪೆಯಲ್ಲಿ ಮೀನುಗಾರಿಕೆಯೇ ಇಲ್ಲ ಎಂದು ಬರೆದರೆ ನಾಡದೋಣಿಯವರು ನಗುತ್ತಾರೆ. ಆ 61 ದಿನದ ನಿಷೇಧ ಯಾಂತ್ರೀಕೃತ ಬೋಟುಗಳಿಗೆ. ‘ಆ್ಯಸ್ ಫಾರ್ ಆ್ಯಸ್ ಮೆಕನೈಸ್ಡ್ ಬೋಟ್ಸ್ ಆರ್ ಕನ್ಸರ್ನ್ಡ್’ ಎಂದು ಸೇರಿಸಿದರೆ ಮಾತು ನಿಲ್ಲುತ್ತದೆ. ಕೊನೆಯ ‘ಆರ್ ಕನ್ಸರ್ನ್ಡ್’ ನುಂಗಬೇಡಿ. ಟಿವಿಯಲ್ಲಿ ದೊಡ್ಡ ದೊಡ್ಡವರೂ ನುಂಗುತ್ತಾರೆ.

ನಮ್ಮ ಆಫೀಸುಗಳ ಮುದ್ದಿನ ‘ಆ್ಯಸ್ ಪರ್ ಮೈ ನಾಲೆಜ್’ ಕೂಡ ಬೇಡ. ‘ಆ್ಯಸ್ ಪರ್’ ಇನ್‌ವಾಯ್ಸಿಗೆ, ನಿಯಮಕ್ಕೆ, ಕಾಗದದಲ್ಲಿದ್ದದ್ದಕ್ಕೆ. ಗಂಭೀರವಾಗಿ ಬರೆಯಬೇಕಿದ್ದರೆ ‘ಟು ದ ಬೆಸ್ಟ್ ಆಫ್ ಮೈ ನಾಲೆಜ್’ ಉಂಟು.

ನಿಮ್ಮ ಮೇಲ್‌ಗಾದರೆ ಅದೂ ಬೇಕಿರಲಿಲ್ಲ. ಕ್ಲಿಯರಿಂಗ್ ಏಜೆಂಟರಿಗೊಂದು ಫೋನ್ ಮಾಡಿ, ಕಂಟೇನರ್ ಒಳಗೆ ಹೋದ ಹೊತ್ತು ಕೇಳಿ, ಅದನ್ನೇ ಬರೆಯಬಹುದಿತ್ತು. ಮ್ಯಾನೇಜರ್ ಬೈದದ್ದು ಇಂಗ್ಲಿಷಿಗಲ್ಲ, ಇದಕ್ಕೇ ಇರಬೇಕು. ನನಗೆ ಗೊತ್ತಿದ್ದ ಮಟ್ಟಿಗೆ.